ಹಸು ಹಾಗೂ ಆಡಿನ ಹಾಲಿನ ಮಾರಾಟ: ಸಣ್ಣ ಹಿಡುವಳಿದಾರರ ಆದಾಯ-ವೆಚ್ಚದ ಅಧ್ಯಯನ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಲ್ಲಿ ಪಶುಸಂಗೋಪನೆ ಹಾಗೂ ಹೈನುಗಾರಿಕೆ ಒಂದು. ಇಂಧನ ಮತ್ತು ಮೇವು ಇನ್ನೊಂದು. ಆದರೂ ಗ್ರಾಮಸಭೆಗಳಲ್ಲಿ ಹಾಲಿನ ವಿಷಯ ಬಂದಾಗ ಚರ್ಚೆ ಬಹುತೇಕ ಲೀಟರಿನ ದರದ ಸುತ್ತಲೇ ನಡೆಯುತ್ತದೆ. ದರ ನಿಗದಿ ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಒಂದೆರಡು ಹಸು, ನಾಲ್ಕಾರು ಆಡು ಸಾಕುವ ಕುಟುಂಬದ ಕೈಯಲ್ಲಿ ಕೊನೆಗೆ ಉಳಿಯುವ ಹಣವನ್ನು ನಿರ್ಧರಿಸುವ ಇತರ ಅಂಶಗಳಲ್ಲಿ ಹಲವು ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಇವೆ. ಅವು ಯಾವುವು ಎಂಬುದನ್ನು ಲೆಕ್ಕದ ಮೂಲಕ ತಿಳಿಯುವುದೇ ಈ ಪಾಠದ ಉದ್ದೇಶ.

ಕೆಳಗಿನ ದರಗಳು ಲೆಕ್ಕದ ವಿಧಾನವನ್ನು ತೋರಿಸಲು ಹಿಡಿದ ಮಾದರಿ ದರಗಳು. ಸದಸ್ಯರು ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡತಕ್ಕದ್ದು.

1. ಒಂದು ಮಿಶ್ರತಳಿ ಹಸುವಿನ ವರ್ಷದ ಲೆಕ್ಕ

ಹಸು 300 ದಿನ, ದಿನಕ್ಕೆ ಸರಾಸರಿ 9 ಲೀಟರ್ ಕರೆದರೆ ಒಟ್ಟು 2,700 ಲೀಟರ್. ಕರುವಿಗೆ ಹಾಗೂ ಮನೆಗೆ 200 ಲೀಟರ್ ಬಿಟ್ಟು ಉಳಿದ 2,500 ಲೀಟರನ್ನು 35 ರೂ.ನಂತೆ ಮಾರಿದರೆ ಬರುವ ಹಣ 87,500 ರೂ.

ವೆಚ್ಚ ಹೀಗಿದೆ:

• ಪಶು ಆಹಾರ: ದೇಹಪೋಷಣೆಗೆ ದಿನಕ್ಕೆ ಒಂದೂವರೆ ಕಿಲೋ ಮತ್ತು ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಹಾಲು ಬತ್ತಿದ 65 ದಿನ ದಿನಕ್ಕೆ 2 ಕಿಲೋ. ಒಟ್ಟು 1,660 ಕಿಲೋ, 25 ರೂ.ನಂತೆ 41,500 ರೂ.
• ಒಣ ಮೇವು: ದಿನಕ್ಕೆ 5 ಕಿಲೋ, 8 ರೂ.ನಂತೆ 14,600 ರೂ.
• ಹಸಿರು ಮೇವು: ದಿನಕ್ಕೆ 20 ಕಿಲೋ, 1.50 ರೂ.ನಂತೆ 10,950 ರೂ.
• ಖನಿಜ ಮಿಶ್ರಣ, ಔಷಧಿ, ಕೃತಕ ಗರ್ಭಧಾರಣೆ, ವಿಮೆ: 5,000 ರೂ.

ಒಟ್ಟು ವೆಚ್ಚ 72,050 ರೂ.; ಉಳಿಕೆ 15,450 ರೂ. ಇದರಲ್ಲಿ ಮನೆಯವರ ದುಡಿಮೆಗೆ ಕೂಲಿ ಕಟ್ಟಿಲ್ಲ. ಮೇವು ತರುವುದು, ಮೈ ತೊಳೆಯುವುದು, ಕರೆಯುವುದು, ಡೇರಿಗೆ ಹಾಕಿ ಬರುವುದು ಸೇರಿ ದಿನಕ್ಕೆ 3 ಗಂಟೆ ಎಂದರೂ ಗಂಟೆಗೆ ಸುಮಾರು 14 ರೂ. ಮಾತ್ರ ಬೀಳುತ್ತದೆ. ಈ ದುಡಿಮೆಯ ಹೆಚ್ಚಿನ ಭಾಗ ಮಹಿಳೆಯರದು. ಸಂಘದ ಸದಸ್ಯತ್ವ ಮತ್ತು ಬಟವಾಡೆಯ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿವೆ ಎಂಬುದನ್ನು ಸದಸ್ಯರು ಗಮನಿಸುವುದು ಒಳಿತು.

ಗೊಬ್ಬರ ಮತ್ತು ಕರುವಿನ ಮೌಲ್ಯ ಈ ಲೆಕ್ಕದ ಹೊರಗಿದೆ. ಹಸುವಿನ ಸಾಲದ ಬಡ್ಡಿಯೂ ಹೊರಗಿದೆ. ರಾಜ್ಯ ಸರ್ಕಾರದ ಪ್ರೋತ್ಸಾಹಧನವನ್ನು ಲೀಟರಿಗೆ 5 ರೂ. ಎಂದು ಹಿಡಿದರೆ 12,500 ರೂ. ಪ್ರತ್ಯೇಕವಾಗಿ ಸೇರುತ್ತದೆ. ಅಂದರೆ ಮಾರಾಟದ ಉಳಿಕೆಗೂ ಪ್ರೋತ್ಸಾಹಧನಕ್ಕೂ ಹೆಚ್ಚಿನ ಅಂತರವಿಲ್ಲ. ಅದು ತಡವಾದಾಗ ಸಣ್ಣ ಹೈನುಗಾರರು ಕಂಗೆಡುವುದಕ್ಕೆ ಕಾರಣ ಇದೇ.

2. ಹಾಲಿಲ್ಲದ ದಿನಗಳ ಬೆಲೆ

ಮೇಲಿನ ಲೆಕ್ಕ ಹಸು ವರ್ಷಕ್ಕೊಂದು ಕರು ಹಾಕುತ್ತದೆ ಎಂಬ ಆಧಾರದ ಮೇಲೆ ನಿಂತಿದೆ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಆದ್ದರಿಂದ ಕರು ಹಾಕಿದ 85 ದಿನಗಳೊಳಗೆ ಅದು ಮತ್ತೆ ಗಬ್ಬ ಕಟ್ಟಬೇಕು. ಬೆದೆ ಬರುವುದು ಸುಮಾರು 21 ದಿನಗಳಿಗೊಮ್ಮೆ. ನಾಲ್ಕು ಬೆದೆ ತಪ್ಪಿದರೆ 84 ದಿನ ಮುಂದಕ್ಕೆ ಹೋಗುತ್ತದೆ.

ಆ 84 ದಿನಗಳಿಗೆ ಸಮನಾದ ಕಾಲ ಹಸು ಹಾಲಿಲ್ಲದೆ ನಿಂತರೆ ಪಶು ಆಹಾರಕ್ಕೆ 4,200, ಒಣ ಮೇವಿಗೆ 3,360, ಹಸಿರು ಮೇವಿಗೆ 2,520, ಒಟ್ಟು 10,080 ರೂ. ಹೆಚ್ಚು ವೆಚ್ಚ. 15,450 ರೂ. ಉಳಿಕೆಯಲ್ಲಿ ಮೂರನೇ ಎರಡು ಪಾಲು ಇಲ್ಲಿಯೇ ಕರಗಿತು. ಕರೆಯುವ ಅವಧಿ ತುಸು ಉದ್ದವಾಗಬಹುದಾದರೂ ಕೊನೆಯ ದಿನಗಳ ಅಲ್ಪ ಹಾಲು ಈ ನಷ್ಟವನ್ನು ಪೂರ್ತಿ ತುಂಬಲಾರದು. 2,500 ಲೀಟರಿನ ಮೇಲೆ ಹಂಚಿದರೆ ಇದು ಲೀಟರಿಗೆ 4 ರೂ. ದರ ಇಳಿದಂತೆ. ದರ 4 ರೂ. ಇಳಿದರೆ ಊರೇ ಮಾತನಾಡುತ್ತದೆ. ಬೆದೆ ತಪ್ಪಿದ ನಷ್ಟ ಮಾತ್ರ ಯಾರ ಗಮನಕ್ಕೂ ಬಾರದೆ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಅದನ್ನು ತಾಳಲಾರದೆ ಹಸುವನ್ನು ಮಾರುವ ಕುಟುಂಬಕ್ಕೆ ನಷ್ಟದ ಮೂಲ ತಿಳಿದೇ ಇರುವುದಿಲ್ಲ.

ಪರಿಹಾರ ಸರಳ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು. ಎರಡು-ಮೂರು ತಿಂಗಳಲ್ಲಿ ಗಬ್ಬದ ಪರೀಕ್ಷೆ ಮಾಡಿಸುವುದು. ಖನಿಜ ಮಿಶ್ರಣ ತಪ್ಪಿಸದಿರುವುದು. ಕರು ಹಾಕಿದ ದಿನ ಮತ್ತು ಬೆದೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು.

3. ಡೇರಿಗೋ, ವರ್ತನೆಗೋ?

ಪಟ್ಟಣದ ಮನೆಗಳಿಗೆ ವರ್ತನೆಯ ಹಾಲು ಹಾಕಿದರೆ ಲೀಟರಿಗೆ 50 ರೂ. ಸಿಗುವುದಾದರೆ 15 ರೂ. ಹೆಚ್ಚು ಲಾಭವೆಂದು ತೋರುತ್ತದೆ. ದಿನಕ್ಕೆ 5 ಲೀಟರಿನಂತೆ ವಾರಕ್ಕೆ 525 ರೂ. ಹೆಚ್ಚುವರಿ. ಇದರಲ್ಲಿ ಪೆಟ್ರೋಲಿಗೆ ದಿನಕ್ಕೆ 20 ರೂ.ನಂತೆ 140 ರೂ. ಕಳೆಯಬೇಕು. ವಾರದಲ್ಲಿ ಒಂದು ದಿನದ ಹಾಲು ಒಡೆದರೆ 250 ರೂ. ಹೋಗುತ್ತದೆ. ಉಳಿಯುವುದು 135 ರೂ. ಸಂಘಕ್ಕೆ ಹಾಕದ 35 ಲೀಟರಿಗೆ ಪ್ರೋತ್ಸಾಹಧನವೂ ಇಲ್ಲ. ಅದು 175 ರೂ. ಕೊನೆಗೆ 40 ರೂ. ನಷ್ಟ, ಓಡಾಟದ ಶ್ರಮ ಬೇರೆ.

ಮನೆಗಳು ನಡಿಗೆಯ ದೂರದಲ್ಲಿದ್ದು, ಗಿರಾಕಿಗಳು ಖಾಯಂ ಆಗಿದ್ದು, ಹಾಲು ಒಡೆಯದಿದ್ದರೆ ಇದೇ ಲೆಕ್ಕ ವಾರಕ್ಕೆ 350 ರೂ. ಲಾಭ ತೋರಿಸುತ್ತದೆ. ಆದ್ದರಿಂದ ನೇರ ಮಾರಾಟ ಎಲ್ಲರಿಗೂ ಲಾಭ ಎಂದೂ, ಯಾರಿಗೂ ಲಾಭವಲ್ಲ ಎಂದೂ ಹೇಳಲಾಗದು. ದೂರ ಮತ್ತು ಖಾಯಂ ಗಿರಾಕಿ ಇವೆರಡೇ ಅದನ್ನು ನಿರ್ಧರಿಸುತ್ತವೆ. ತನ್ನೆಲ್ಲ ಹಾಲನ್ನೂ ಸಂಘಕ್ಕೆ ಹಾಕುವ ಸದಸ್ಯನಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಇದೆ. ನೇರವಾಗಿ ಮಾರುವವರು ನೋಂದಣಿ ಮಾಡಿಸಿಕೊಳ್ಳಬೇಕು.

ಸಂಘದಲ್ಲಿ ಬೆಲೆ ಕಟ್ಟುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಪ್ರತಿ ಹೊತ್ತಿನ ಪರೀಕ್ಷೆಯ ಫಲಿತಾಂಶ ಚೀಟಿಯಲ್ಲಿ ಉತ್ಪಾದಕರ ಕೈಗೆ ಸೇರಬೇಕು. ಘನಾಂಶ ಸತತವಾಗಿ ಕಡಿಮೆ ಬಂದರೆ ಮೇವಿನ ಕೊರತೆ ಅಥವಾ ಕೆಚ್ಚಲು ಬಾವು ಇದೆಯೇ ಎಂದು ನೋಡಿಸಬೇಕು.

4. ಆಡಿನ ಹಾಲು: ಮರಿಯೋ, ಹಾಲೋ?

ಆಡಿನ ಹಾಲಿಗೆ ಹಸುವಿನ ಹಾಲಿನಂತೆ ಊರೂರಿನಲ್ಲಿ ಸಂಗ್ರಹ ವ್ಯವಸ್ಥೆ ಇಲ್ಲ. ಹಸುವಿನ ಹಾಲಿಗೆ ಬೆರೆಸಿ ಸಂಘಕ್ಕೆ ಹಾಕುವುದು ಸಲ್ಲದು. ನಂದಿದುರ್ಗ, ಬೀದರಿ ಮೊದಲಾದ ನಮ್ಮ ನಾಡಿನ ತಳಿಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ಆದ್ದರಿಂದ ಹಾಲಿನ ಲೆಕ್ಕವನ್ನು ಮರಿಯ ಲೆಕ್ಕದಿಂದ ಬೇರ್ಪಡಿಸಲಾಗದು.

ನಾಲ್ಕು ಆಡುಗಳಿಂದ ದಿನಕ್ಕೆ ಒಟ್ಟು 2 ಲೀಟರಿನಂತೆ 90 ದಿನ ಕರೆದು 60 ರೂ.ನಂತೆ ಮಾರಿದರೆ 10,800 ರೂ. ಆದರೆ ಹಾಲು ಸಾಲದೆ ಆರು ಮರಿಗಳು ತಲಾ 3 ಕಿಲೋ ತೂಕ ಕಡಿಮೆಯಾದರೆ, ಜೀವಂತ ತೂಕಕ್ಕೆ 400 ರೂ.ನಂತೆ 7,200 ರೂ. ನಷ್ಟ. ನಿಜವಾದ ಲಾಭ 3,600 ರೂ. ಮಾತ್ರ. ಮರಿಗಳು ಸೊಪ್ಪು ಮೇಯತೊಡಗಿದ ನಂತರ, ಖಾಯಂ ಗಿರಾಕಿ ಇದ್ದಾಗ ಮಾತ್ರ ಕರೆಯುವುದು ಲೇಸು.

ಕರೆಯುವಾಗ ಹೋತವನ್ನು ದೂರ ಕಟ್ಟಿದರೆ ಹಾಲಿಗೆ ವಾಸನೆ ತಗಲುವುದು ಕಡಿಮೆಯಾಗುತ್ತದೆ. ಡೆಂಗೀ ಜ್ವರ ಹರಡಿದಾಗ ಆಡಿನ ಹಾಲೇ ಮದ್ದೆಂದು ಬೆಲೆ ಏರಿಸುವುದುಂಟು. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಯಾವುದೇ ಹಾಲನ್ನು ಕಾಯಿಸದೆ ಕುಡಿದರೆ ಕಂದುರೋಗ ಮನುಷ್ಯರಿಗೂ ತಗಲಬಹುದು.

5. ಗ್ರಾಮ ಪಂಚಾಯಿತಿ ಮಾಡಬಹುದಾದ ಕಾರ್ಯಗಳು

ಅ) ಉದ್ಯೋಗ ಖಾತರಿ ಯೋಜನೆಯಡಿ ಅರ್ಹ ಕುಟುಂಬಗಳಿಗೆ ದನದ ಕೊಟ್ಟಿಗೆ, ಆಡಿನ ಶೆಡ್ ಮತ್ತು ಮೇವಿನ ಗೋದಲಿಯನ್ನು ಕ್ರಿಯಾಯೋಜನೆಗೆ ಸೇರಿಸುವುದು.

ಆ) ಗೋಮಾಳವನ್ನು ಉಳಿಸುವುದು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಒತ್ತುವರಿಯಿದ್ದರೆ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸುವುದು.

ಇ) ಕಾಲುಬಾಯಿ ಬೇನೆ ಹಾಗೂ ಆಡುಗಳ ಪಿಪಿಆರ್ ಲಸಿಕೆಯ ದಿನಾಂಕವನ್ನು ಡಂಗುರ ಸಾರಿಸಿ, ಒಂದು ಮನೆಯೂ ತಪ್ಪದಂತೆ ನೋಡಿಕೊಳ್ಳುವುದು.

ಈ) ತಿಂಗಳಿಗೊಮ್ಮೆ ಪಶುವೈದ್ಯರ ಸಹಕಾರದಿಂದ ಗಬ್ಬದ ಪರೀಕ್ಷೆ ಮತ್ತು ಬಂಜೆತನ ನಿವಾರಣಾ ಶಿಬಿರ ನಡೆಸುವುದು. ತುರ್ತು ಪಶುಚಿಕಿತ್ಸೆಯ ಸಂಖ್ಯೆ 1962ನ್ನು ಡೇರಿಯ ಗೋಡೆಯ ಮೇಲೆ ಬರೆಸುವುದು.

ಉ) ಜಾನುವಾರುಗಳ ಕುಡಿಯುವ ನೀರಿನ ತೊಟ್ಟಿಗಳನ್ನು ಸುಸ್ಥಿತಿಯಲ್ಲಿಡುವುದು.

ಇವುಗಳಲ್ಲಿ ನಾಲ್ಕನೆಯದಕ್ಕೆ ತಗಲುವ ಹಣ ಅತ್ಯಲ್ಪ; ಹಾಲಿಲ್ಲದ ದಿನಗಳನ್ನು ನೇರವಾಗಿ ಕಡಿಮೆ ಮಾಡುವುದೂ ಅದೇ. ಹಣದ ಕೊರತೆಯಿರುವ ಪಂಚಾಯಿತಿ ಅದರಿಂದಲೇ ಆರಂಭಿಸಬಹುದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನಲ್ಲಿ ಕರು ಹಾಕಿ ಮೂರು ತಿಂಗಳಾದರೂ ಗಬ್ಬ ಕಟ್ಟದ ಹಸುಗಳು ಎಷ್ಟಿವೆ?
2. ನಿಮ್ಮ ಊರಿನ ಜಾನುವಾರುಗಳ ಸಂಖ್ಯೆಗೆ ಎಷ್ಟು ಗೋಮಾಳ ಇರಬೇಕು? ಈಗ ಎಷ್ಟು ಉಳಿದಿದೆ?
3. ಒಬ್ಬ ಹೈನುಗಾರ ಮಹಿಳೆಯೊಡನೆ ಕುಳಿತು ಮೇಲಿನ ಲೆಕ್ಕವನ್ನು ನಿಮ್ಮ ಊರಿನ ದರದಲ್ಲಿ ಮಾಡಿ. ಆಕೆಯ ಒಂದು ಗಂಟೆಯ ದುಡಿಮೆಗೆ ಎಷ್ಟು ಬೀಳುತ್ತದೆ? ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ.