ಇಂಗ್ಲಿಷಿನ ವರ್ತಮಾನಕಾಲ: ‘ವೀವ್’ ಎಂಬ ಒಂದು ಕ್ರಿಯಾಪದ

ಇಂಗ್ಲಿಷಿನ ವರ್ತಮಾನಕಾಲವನ್ನು ತಪ್ಪಿಲ್ಲದೆ ಪ್ರಯೋಗಿಸುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವೆಂದು ನಮ್ಮ ಸೋದರಿಯರು ತಿಳಿಯಬಾರದು. ಶಾಲೆಯನ್ನು ಬಿಟ್ಟ ಮೇಲೆ ಮನೆಯ ಕಾಗದಪತ್ರಗಳನ್ನು ಬರೆಯುವ ಹೊಣೆಯು ಅನೇಕವೇಳೆ ಓದಿದ ಮಗಳ ಮೇಲೆಯೇ ಬೀಳುವುದು. ಚಳ್ಳಕೆರೆಯ ಎಣ್ಣೆಯ ವ್ಯಾಪಾರಕ್ಕೂ ಮೊಳಕಾಲ್ಮೂರಿನ ರೇಷ್ಮೆಸೀರೆಯ ವ್ಯಾಪಾರಕ್ಕೂ ದೂರದ ಊರುಗಳೊಡನೆ ಪತ್ರವ್ಯವಹಾರವು ಬೇಕು. ಅಲ್ಲಿ ಕಾಲವು ತಪ್ಪಿದರೆ ವ್ಯಾಕರಣವು ಮಾತ್ರವಲ್ಲ, ಕೊಟ್ಟ ಮಾತೇ ತಪ್ಪುವುದು. ಆದುದರಿಂದ ನಮ್ಮ ಸೀಮೆಗೆ ಒಪ್ಪುವ ‘ವೀವ್’, ಎಂದರೆ ‘ನೇಯು’, ಎಂಬ ಒಂದೇ ಧಾತುವನ್ನು ತೆಗೆದುಕೊಂಡು ವಿಚಾರಿಸುವೆವು.

ಇಂಗ್ಲಿಷಿನಲ್ಲಿ ವರ್ತಮಾನಕ್ಕೆ ನಾಲ್ಕು ರೂಪಗಳುಂಟು. ‘ವೀ ವೀವ್ ಸ್ಯಾರೀಸ್’ ಎಂದರೆ ನೇಯುವುದು ನಮ್ಮ ಕಸಬು. ಈ ಗಳಿಗೆಯಲ್ಲಿ ಮಗ್ಗವು ನಿಂತಿದ್ದರೂ ಮಾತು ಸತ್ಯವೇ. ‘ವೀ ಆರ್ ವೀವಿಂಗ್ ಯುವರ್ ಸ್ಯಾರಿ’ ಎಂದರೆ ಸೀರೆಯು ಮಗ್ಗದ ಮೇಲಿದೆ, ಇನ್ನೂ ಮುಗಿದಿಲ್ಲ. ‘ವೀ ಹ್ಯಾವ್ ವೋವನ್ ಯುವರ್ ಸ್ಯಾರಿ’ ಎಂದರೆ ನೆಯ್ಗೆಯು ಮುಗಿದು ಸೀರೆಯು ಸಿದ್ಧವಾಗಿದೆ. ‘ವೀ ಹ್ಯಾವ್ ಬೀನ್ ವೀವಿಂಗ್ ಫಾರ್ ಟೆನ್ ಇಯರ್ಸ್’ ಎಂದರೆ ಹತ್ತು ವರ್ಷಗಳ ಹಿಂದೆ ತೊಡಗಿದ ಕೆಲಸವು ಇಂದಿಗೂ ನಡೆಯುತ್ತಿದೆ. ಎರಡನೆಯದನ್ನು ಬರೆಯಬೇಕಾದಲ್ಲಿ ಮೂರನೆಯದನ್ನು ಬರೆದರೆ ವ್ಯಾಪಾರಿಯು ಸೀರೆಯು ಸಿದ್ಧವಾಯಿತೆಂದು ನಂಬಿ ಗಿರಾಕಿಗೆ ದಿನವನ್ನು ಗೊತ್ತುಮಾಡುವನು. ಎಂದೂ ಸುಳ್ಳಾಡದ ಮನೆಯವರು ಒಂದು ಕ್ರಿಯಾಪದದ ದೆಸೆಯಿಂದ ಸುಳ್ಳುಗಾರರೆನಿಸುವರು.

ಇಂತಹ ತಪ್ಪುಗಳು ಬುದ್ಧಿಯ ಕೊರತೆಯಿಂದ ಬರುವುವಲ್ಲ. ಎರಡು ಭಾಷೆಗಳ ನಡೆಯು ಬೇರೆಯಾಗಿರುವುದರಿಂದ ಬರುವುವು. ‘ಈಗ ನೇಯುತ್ತಿದ್ದೇವೆ’, ‘ಹತ್ತು ವರ್ಷಗಳಿಂದ ನೇಯುತ್ತಿದ್ದೇವೆ’ ಎಂಬೆರಡರಲ್ಲಿಯೂ ಕನ್ನಡದ ಕ್ರಿಯಾಪದವು ಒಂದೇ. ಆದುದರಿಂದಲೇ ನಮ್ಮವರು ‘ವೀ ಆರ್ ವೀವಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುವರು. ಇದು ಸಾಧುವಲ್ಲ. ನಮ್ಮ ‘ಇಂದ’ ಎಂಬ ಒಂದು ಪ್ರತ್ಯಯಕ್ಕೆ ಅಲ್ಲಿ ಎರಡು ಶಬ್ದಗಳುಂಟು: ಕಾಲದ ಅಳತೆಯನ್ನು ಹೇಳುವಾಗ ‘ಫಾರ್’, ತೊಡಗಿದ ಸಮಯವನ್ನು ಹೇಳುವಾಗ ‘ಸಿನ್ಸ್’. ‘ಫಾರ್ ಟೆನ್ ಇಯರ್ಸ್’ ಎನ್ನಬೇಕು. ‘ಸಿನ್ಸ್ 2015’ ಎನ್ನಬೇಕು.

ಎರಡನೆಯ ತೊಡಕು ‘ಸ’ಕಾರದ್ದು. ನೇಯುತ್ತೇನೆ, ನೇಯುತ್ತೀಯೆ, ನೇಯುತ್ತಾಳೆ ಎಂದು ಕನ್ನಡವು ಪ್ರತಿಯೊಂದು ಪುರುಷಕ್ಕೂ ಬೇರೆ ಪ್ರತ್ಯಯವನ್ನು ಕೊಡುವುದು. ಇಂಗ್ಲಿಷಿನಲ್ಲಿಯೂ ಹಿಂದೆ ಇಂತಹ ಪ್ರತ್ಯಯಗಳು ಹೆಚ್ಚಾಗಿದ್ದುವು. 1611ರ ಬೈಬಲನ್ನು ಓದಿದವರು ‘ಗಿವೆಸ್ಟ್’, ‘ಗಿವೆತ್’ ಎಂಬ ರೂಪಗಳನ್ನು ಬಲ್ಲರು. ಅವು ಸವೆದುಹೋಗಿ ಈಗ ‘ಷೀ ವೀವ್ಸ್’ ಎಂಬಲ್ಲಿಯ ‘ಸ’ಕಾರವೊಂದೇ ಉಳಿದಿದೆ. ಅದು ಅವನು, ಅವಳು, ಅದು ಎಂಬ ಏಕವಚನಕ್ಕೆ ಸೇರತಕ್ಕದ್ದು. ನಮ್ಮ ವ್ಯಾಕರಣದಲ್ಲಿ ಇದು ಪ್ರಥಮಪುರುಷ. ಇಂಗ್ಲಿಷಿನವರ ಎಣಿಕೆಯಲ್ಲಿ ಮೂರನೆಯದು. ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಈ ‘ಸ’ಕಾರವು ‘ಡಸ್’ ಎಂಬುದರೊಳಗೆ ಸೇರಿಹೋಗುವುದರಿಂದ ‘ಡಸ್ ಷೀ ವೀವ್?’ ಎನ್ನಬೇಕಲ್ಲದೆ ‘ಡಸ್ ಷೀ ವೀವ್ಸ್?’ ಎನ್ನಬಾರದು.

ಮೂರನೆಯದಾಗಿ, ‘ನನಗೆ ಗೊತ್ತು’ ಎಂಬ ಮಾತನ್ನು ನೋಡಿರಿ. ನಾವು ಇದನ್ನು ‘ಗೊತ್ತಾಗುತ್ತಿದೆ’ ಎಂದು ಹಿಗ್ಗಿಸಿದರೆ ಅರ್ಥವೇ ಬೇರೆಯಾಗುವುದು. ಅಂತೆಯೇ ಅರಿವನ್ನೂ ಒಡೆತನವನ್ನೂ ಹೇಳುವಾಗ ಇಂಗ್ಲಿಷಿನಲ್ಲಿ ‘ಇಂಗ್’ ಸೇರದು. ‘ಐ ನೋ’, ‘ವೀ ಹ್ಯಾವ್ ಟೂ ಲೂಮ್ಸ್’ ಎಂಬುವು ಸಾಧು; ‘ಐ ಆಮ್ ನೋಯಿಂಗ್’, ‘ವೀ ಆರ್ ಹ್ಯಾವಿಂಗ್ ಟೂ ಲೂಮ್ಸ್’ ಎಂಬುವು ಅಸಾಧು.

ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಬಾಸೆಲ್ ಮಿಶನಿನಿಂದ ಈ ದೇಶಕ್ಕೆ ಬಂದ ಕಿಟ್ಟೆಲರು ನಮ್ಮ ನುಡಿಯನ್ನು ಶ್ರದ್ಧೆಯಿಂದ ಕಲಿತು 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದರು. ಪರರ ನುಡಿಯನ್ನು ಅದರ ನಡೆಯಂತೆಯೇ ಕಲಿಯಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕಿಲ್ಲ. ಪೋಷಕರು ಇಂಗ್ಲಿಷನ್ನು ಅರಿಯದಿದ್ದರೂ ಚಿಂತೆಯಿಲ್ಲ. ಮಗಳು ಕಾಗದವನ್ನು ಬರೆಯುವಾಗ, “ಇದು ನಮ್ಮ ಕಸಬಿನ ಮಾತೋ, ಈಗ ನಡೆಯುತ್ತಿರುವ ಕೆಲಸವೋ, ಮುಗಿದುದೋ, ಅಂದಿನಿಂದ ಇಂದಿನವರೆಗೆ ಬಂದುದೋ?” ಎಂದು ಕನ್ನಡದಲ್ಲಿಯೇ ಕೇಳಲಿ. ಆ ಉತ್ತರವು ತಿಳಿಯಾದರೆ ಇಂಗ್ಲಿಷಿನ ಕ್ರಿಯಾಪದವು ತನ್ನ ಸ್ಥಾನವನ್ನು ತಾನೇ ಸೇರುವುದು.