ಹೊಗೆ ನಿಂತಾಗ: ಮಾದರಿ ಹೆಲಿಕಾಪ್ಟರಿಗೆ ನೈಟ್ರೋ ಎಂಜಿನ್ನೋ, ಬ್ಯಾಟರಿಯೋ?

ರಿಮೋಟಿನಿಂದ ಹಾರುವ ಮಾದರಿ ಹೆಲಿಕಾಪ್ಟರುಗಳಲ್ಲಿ ಎರಡು ಜಾತಿ. ಮೆಥನಾಲ್ ಕುಡಿದು ಓಡುವ ಪುಟ್ಟ ಟು-ಸ್ಟ್ರೋಕ್ ಎಂಜಿನ್ನಿನದು ಒಂದು. ಹವ್ಯಾಸಿಗಳ ಬಾಯಲ್ಲಿ ಅದು ನೈಟ್ರೋ. ಲಿಥಿಯಂ ಪಾಲಿಮರ್ ಬ್ಯಾಟರಿಯಿಂದ ಮೋಟರು ತಿರುಗಿಸುವುದು ಇನ್ನೊಂದು. ಜರ್ಮನಿಯ ಡೀಟರ್ ಶ್ಲ್ಯೂಟರ್ 1970ರ ಸುಮಾರಿಗೆ ನಿಜವಾಗಿ ಹಾರುವ ಮಾದರಿಯನ್ನು ರೂಪಿಸಿದ ಮೇಲೆ ಹತ್ತಿರ ಹತ್ತಿರ ಮೂರು ದಶಕ ಎಂಜಿನ್ನಿನದೇ ಕಾರುಬಾರು. 2000ದ ದಶಕದಲ್ಲಿ ಹಗುರ ಬ್ಯಾಟರಿ, ಬ್ರಶ್‌ಲೆಸ್ ಮೋಟರು ಅಗ್ಗವಾಗಿ ತಕ್ಕಡಿ ಆ ಕಡೆ ವಾಲಿತು. ಯಾವುದರ ತಾಕತ್ತು ಹೆಚ್ಚು ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಂಥ ಊರಲ್ಲಿ ಹಾರಿಸುವವನಿಗೆ ತಾಕತ್ತಿನ ಲೆಕ್ಕ ಆಮೇಲಿನದು. ಕೆಡುವ ಮೊದಲು ಯಂತ್ರ ಏನು ಸೂಚನೆ ಕೊಡುತ್ತದೆ, ಅದರ ಹೊಟ್ಟೆಗೆ ಎಲ್ಲಿಂದ ತರಬೇಕು, ಇವೆರಡೇ ಮೊದಲು ಕೇಳಬೇಕಾದ ಪ್ರಶ್ನೆಗಳು.

ನೈಟ್ರೋ ಎಂಜಿನ್ನಿಗೆ ಬೈಕಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದರ ತಲೆಯಲ್ಲಿರುವುದು ಗ್ಲೋ ಪ್ಲಗ್, ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಶುರು ಮಾಡುವಾಗ ಒಂದೂವರೆ ವೋಲ್ಟಿನ ಬ್ಯಾಟರಿ ಹಚ್ಚಿ ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹಿಡಿದುಕೊಂಡ ಮೇಲೆ ಬ್ಯಾಟರಿ ಬೇಕಿಲ್ಲ. ಮೆಥನಾಲಿನ ಆವಿ ಪ್ಲಾಟಿನಂ ತಾಕಿ ಉರಿಯುತ್ತ ತಂತಿಯನ್ನು ತಾನೇ ಕೆಂಪಾಗಿ ಇಡುತ್ತದೆ. ಇಂಧನದಲ್ಲಿ ಮೆಥನಾಲಿನದು ದೊಡ್ಡ ಪಾಲು. ಹೆಲಿಕಾಪ್ಟರಿಗಾದರೆ ಶೇಕಡ 15ರಿಂದ 30ರವರೆಗೆ ನೈಟ್ರೋಮೀಥೇನ್, ಶೇಕಡ 20ರ ಆಸುಪಾಸು ಎಣ್ಣೆ. ಎಣ್ಣೆಯೆಂದರೆ ಸಿಂಥೆಟಿಕ್, ಇಲ್ಲವೇ ಈ ಕಡೆ ಔಡಲೆಣ್ಣೆ ಎನ್ನುವ ಹರಳೆಣ್ಣೆ. ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಇಂಧನದ ಜೊತೆ ಬರುವ ಈ ಎಣ್ಣೆಯೇ ಪಿಸ್ಟನ್ನಿಗೆ ಜಾರು, ಅದೇ ಅರ್ಧ ತಂಪು. ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಎಣ್ಣೆ ಸಾಕಷ್ಟು ಹೋಗುತ್ತಿದೆ ಎಂದರ್ಥ.

ಎಷ್ಟು ಇಂಧನ ಹೋಗಬೇಕೆಂಬುದನ್ನು ಕಾರ್ಬೊರೇಟರಿನ ಸೂಜಿ ನಿರ್ಧರಿಸುತ್ತದೆ. ಬಿಚ್ಚಿದರೆ ಹೆಚ್ಚು, ಬಿಗಿದರೆ ಕಡಿಮೆ. ಗಾಳಿ ಬದಲಾದಂತೆಲ್ಲ ಈ ಸೂಜಿಯೂ ಬದಲಾಗಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಸ್ಕಿ, ಸಿಂಧನೂರಿನ ಬಯಲು ಹೆಚ್ಚುಕಡಿಮೆ ಅದರ ಅರ್ಧದಷ್ಟು ಎತ್ತರದಲ್ಲಿ. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನ ಕಾದ ಗಾಳಿಗೆ ಹೊಂದಿಸಿದ ಎಂಜಿನ್ನನ್ನು ಡಿಸೆಂಬರಿನ ಚಳಿ ಮುಂಜಾನೆ ಇಲ್ಲಿ ಓಡಿಸಿದರೆ, ಅದು ಎಳೆದುಕೊಳ್ಳುವ ಗಾಳಿಯ ಸಾಂದ್ರತೆ ಹತ್ತರಲ್ಲೊಂದು ಪಾಲು ಏರಿರುತ್ತದೆ. ಸೂಜಿ ಮಾತ್ರ ಇದ್ದಲ್ಲೇ ಇದ್ದರೆ ಗಾಳಿಗೆ ತಕ್ಕ ಇಂಧನ ಇಲ್ಲ, ಇಂಧನಕ್ಕೆ ಅಂಟಿಕೊಂಡ ಎಣ್ಣೆಯೂ ಇಲ್ಲ. ಎಂಜಿನ್ ಮೊದಮೊದಲು ಭಾರಿ ಹುರುಪಿನಿಂದ ಓಡುತ್ತದೆ. ಮೋಸ ಇರುವುದೇ ಅಲ್ಲಿ. ನಂತರ ಕಾಯುತ್ತದೆ, ನಿಲ್ಲುತ್ತದೆ.

ಸಂತೆಕಲ್ಲೂರಿನ ಒಂದು ಎಳ್ಳಮಾವಾಸ್ಯೆ ಇದಕ್ಕೆ ನಿದರ್ಶನ. ಹಾರಿಸಿದವನು ಇದನ್ನು ಬರೆಯುತ್ತಿರುವ ಲೇಖಕನೇ, ಆದ್ದರಿಂದ ವಿವರಗಳಲ್ಲಿ ಅನುಮಾನವಿಲ್ಲ. ಯಂತ್ರ 50ರ ಅಳತೆಯದು: ಒಂದೊಂದು ರೆಕ್ಕೆ 600 ಮಿಲಿಮೀಟರ್, ತೂಕ ಮೂರು ಕಿಲೋ ಮೇಲೆ, ರೆಕ್ಕೆ ನಿಮಿಷಕ್ಕೆ ಎರಡು ಸಾವಿರ ಸುತ್ತು. ಆ ಸುತ್ತಿನಲ್ಲಿ ರೆಕ್ಕೆಯ ತುದಿಯ ವೇಗ ಗಂಟೆಗೆ 500 ಕಿಲೋಮೀಟರಿನಷ್ಟು. ಮಾರಿದ ಅಂಗಡಿಯಾತ ಮೇ ತಿಂಗಳಲ್ಲಿ ಸೂಜಿ ಹೊಂದಿಸಿಕೊಟ್ಟು, "ಇದನ್ನ ಮುಟ್ಟಲೇಬೇಡಿ, ಕರೆಕ್ಟಾಗಿ ಸೆಟ್ ಆಗಿದೆ" ಎಂದಿದ್ದ. ಅವನ ಮಾತಿಗೆ ವೇದವಾಕ್ಯದ ಮರ್ಯಾದೆ ಸಿಕ್ಕಿತು. ಎಂಜಿನ್ನಿನ ಜೊತೆ ಬಂದ ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ.

ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಬಂಡಿಯ ನೆರಳಲ್ಲಿ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು: ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಆಗಿತ್ತು. ಮೊದಲ ಹಾರಾಟ ಸುಸೂತ್ರ ಮುಗಿಯಿತು, ಅಷ್ಟಕ್ಕೆ ಬಿಡಬಹುದಿತ್ತು. "ಇಷ್ಟ ಏನ? ಮ್ಯಾಲ ಒಯ್ಯಪಾ, ನೋಡೋಣು" ಎಂದ ಭಾವ. ಟ್ಯಾಂಕು ತುಂಬಿಸಿ ಮತ್ತೆ ಎತ್ತಿದಾಗ, ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗ, ಎಂಟು ವರ್ಷದವನು, "ಮಾಮಾ, ಈಗ ಹೊಗಿನ ಬರವಲ್ದಲ್ಲ?" ಎಂದು ಕೇಳಿದ. "ಸುಮ್ನಿರು, ಎಂಜಿನ್ ಈಗ ಸಾಪ್ ಆಗೇತಿ" ಎಂಬುದು ಅವನಿಗೆ ಸಿಕ್ಕ ಉತ್ತರ. ಎಂಜಿನ್ನಿನ ದನಿಯೂ ತೆಳ್ಳಗಾಗುತ್ತ ಕೀರಲಾಗುತ್ತ ಹೋಗಿತ್ತು. ಅದನ್ನೂ ಹಾರಿಸುವವನು ಶಕ್ತಿ ಎಂದೇ ತಿಳಿದ.

ಹದಿನೈದು ಮೀಟರ್ ಮೇಲೆ, ಮೂತಿ ಬಂಡಿಯ ಕಡೆ ತಿರುಗಿದ್ದಾಗ, ಸದ್ದು ನಿಂತಿತು. ಉಳಿದದ್ದು ರೆಕ್ಕೆ ಗಾಳಿ ಸೀಳುವ ಸುಯ್ ಎಂಬ ಸಪ್ಪಳವಷ್ಟೇ.

ಎಂಜಿನ್ ನಿಂತ ಹೆಲಿಕಾಪ್ಟರ್ ಕಲ್ಲಿನಂತೆ ಬೀಳಲೇಬೇಕೆಂದಿಲ್ಲ. ರೆಕ್ಕೆಯ ಕೋನವನ್ನು ಆ ಕ್ಷಣವೇ ಇಳಿಸಿದರೆ ಕೆಳಗಿಂದ ನುಗ್ಗುವ ಗಾಳಿ ಅದನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಹತ್ತಿರ ಬಂದಾಗ ಕೋನ ಏರಿಸಿ, ಕೂಡಿಟ್ಟ ಆ ತಿರುಗುಬಲವನ್ನು ಖರ್ಚು ಮಾಡಿ ಮೆಲ್ಲಗೆ ಇಳಿಸಬಹುದು. ಇದೇ ಆಟೊರೊಟೇಶನ್. ಮನಸ್ಸಿಗೆ ಒಗ್ಗದ ವಿದ್ಯೆ ಇದು, ಏಕೆಂದರೆ ಬೀಳುತ್ತಿರುವುದನ್ನು ಮೊದಲು ಇನ್ನಷ್ಟು ಬೇಗ ಬೀಳಲು ಬಿಡಬೇಕು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ನೂರು ಸಲ ಮಾಡಿದ್ದ ಬೆರಳು ಆ ಹೊತ್ತಿಗೆ ಸರಿಯಾಗಿ ತಿರುವುಮುರುವು ಮಾಡಿತು, ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ಎಳೆದು ಕೋನ ಏರಿಸಿತು. ರೆಕ್ಕೆ ಒಂದೆರಡು ಸೆಕೆಂಡಿನಲ್ಲಿ ಸುಸ್ತಾಯಿತು. ಯಂತ್ರ ಬಂಡಿಯಿಂದ ಹತ್ತು ಹನ್ನೆರಡು ಹೆಜ್ಜೆ ಆಚೆ ಜೋಳದೊಳಗೆ ಮಗುಚಿಕೊಂಡು ಬಿತ್ತು. ಒಂದು ರೆಕ್ಕೆ ಬಾಲದ ಕೊಳವೆಯನ್ನು ಕತ್ತರಿಸಿತು. ಆ ರೆಕ್ಕೆಯದೊಂದು ತುಂಡು ಆಮೇಲೆ ಬಂಡಿಯ ಗಾಲಿಯ ಬುಡದಲ್ಲಿ ಸಿಕ್ಕಿತು.

ಎಲ್ಲರೂ ಓಡಿದರು. ಮುಂದೆ ಓಡಿದವನು ಹುಡುಗ. ಯಂತ್ರದ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು, ಅಷ್ಟೇ, ಬೆಂಕಿ ಕಾಣಲಿಲ್ಲ. ಆಮೇಲೆ ಒಂದು ಜೋಳದ ಎಲೆ ತಾನಾಗಿಯೇ ಸುರುಳಿ ಸುತ್ತಿ ಕಪ್ಪಾಯಿತು. ಅದರ ಪಕ್ಕದ್ದೂ ಹಾಗೇ. ಮೆಥನಾಲಿನ ಜ್ವಾಲೆ ಬಿಸಿಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಮಸಿ ಇಲ್ಲ, ಹಳದಿ ನಾಲಿಗೆ ಇಲ್ಲ. ಕಿತ್ತ ಬ್ಯಾಟರಿ ತಂತಿಯ ಕಿಡಿಗೆ ಒಡೆದ ಟ್ಯಾಂಕಿನ ಇಂಧನ ಹೊತ್ತಿಕೊಂಡಿರಬೇಕು. ಹುಡುಗ ಕೈ ಚಾಚಿದ್ದ. ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದವಳು ಅವನ ಅಜ್ಜಿ, ಲೇಖಕನ ಅವ್ವ. ಅವಳಿಗೆ ಮೆಥನಾಲ್ ಗೊತ್ತಿಲ್ಲ, ಎಲೆ ಮುದುಡಿದ್ದು ಮಾತ್ರ ಕಂಡಿತ್ತು. ಕುಡಿಯುವ ನೀರಿನ ಕೊಡ ತಂದು ಸುರಿದರು. ಮೆಥನಾಲ್ ನೀರಿನಲ್ಲಿ ಪೂರ್ತಿ ಬೆರೆಯುವುದರಿಂದ ಬೆಂಕಿ ಅಲ್ಲಿಗೇ ಆರಿತು. ಪೆಟ್ರೋಲಾಗಿದ್ದರೆ ನೀರಿನ ಮೇಲೆ ತೇಲಿ ಹರಡುತ್ತಿತ್ತು.

ಸೂಜಿಯನ್ನು ಎರಡು ಮೂರು ಕ್ಲಿಕ್ ಬಿಚ್ಚಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅಂಗಡಿಯಾತನಿಗೆ ಬಯ್ಯಬಹುದು, ಮೇಲೆ ಒಯ್ಯಿ ಎಂದ ಭಾವನಿಗೂ ಬಯ್ಯಬಹುದು. ಎರಡನ್ನೂ ಮಾಡಿಯಾಗಿದೆ. ಆದರೂ ಹೊಗೆ ನಿಂತದ್ದನ್ನು ಎಂಟು ವರ್ಷದವನು ಕಂಡಿದ್ದ, ಯಂತ್ರ ತನ್ನ ಕಷ್ಟ ಮೊದಲೇ ಹೇಳಿಕೊಂಡಿತ್ತು ಎಂಬುದು ಉಳಿಯುತ್ತದೆ. ನೈಟ್ರೋದ ಪರವಾಗಿ ಹೇಳಬಹುದಾದ ದೊಡ್ಡ ಮಾತೂ ಇದೇ.

ಅದರ ವಿರುದ್ಧದ ಮಾತುಗಳು ಹಲವು. ಮೆಥನಾಲ್ ವಿಷ, ಮೇಲಾಗಿ ಬೇಗ ಹೊತ್ತಿಕೊಳ್ಳುವಂಥದ್ದು. ಕೊರಿಯರಿನವರು ಡಬ್ಬಿ ನೋಡಿಯೇ ಒಲ್ಲೆ ಎನ್ನುತ್ತಾರೆ, ಬಸ್ಸಿನಲ್ಲಿ ತರುವಂತಿಲ್ಲ. ತಂದದ್ದರ ಮುಚ್ಚಳ ಸಡಿಲವಾದರೆ ಗಾಳಿಯ ತೇವ ಹೀರಿ ಕೆಡುತ್ತದೆ. ಎಂಜಿನ್ನಿನಲ್ಲಿ ಉಳಿದರೆ ಬೇರಿಂಗಿಗೆ ತುಕ್ಕು. ಎರೆ ಹೊಲದ ಧೂಳು ನೇರ ಕಾರ್ಬೊರೇಟರಿಗೆ ನುಗ್ಗುತ್ತದೆ, ಈ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಏರ್ ಫಿಲ್ಟರ್ ಇರುವುದಿಲ್ಲ.

ಬ್ಯಾಟರಿ ಯಂತ್ರದಲ್ಲಿ ಈ ತಾಪತ್ರಯ ಒಂದೂ ಇಲ್ಲ. ಸೂಜಿ ಇಲ್ಲ, ಚಳಿ ಬಿಸಿಲೆಂದು ಹೊಂದಿಸುವುದಿಲ್ಲ. ತೂಕದ ಲೆಕ್ಕದಲ್ಲಿ ಮಾತ್ರ ಅದು ಬಡವ: ಒಂದು ಕಿಲೋ ಮೆಥನಾಲಿನಲ್ಲಿ ಐದೂವರೆ ಯೂನಿಟ್ಟಿನಷ್ಟು ಶಕ್ತಿ ಅಡಗಿದ್ದರೆ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಒಂದು ಯೂನಿಟ್ಟಿನ ಐದನೇ ಪಾಲೂ ಸಿಗುವುದು ಕಷ್ಟ. ಆದರೆ ಪುಟ್ಟ ಎಂಜಿನ್ ತನ್ನ ಪಾಲಿನ ಹೆಚ್ಚಿನದನ್ನು ಬಿಸಿಯಾಗಿ ಕಳೆಯುತ್ತದೆ, ಮೋಟರು ಬಹುಪಾಲು ಉಳಿಸಿಕೊಳ್ಳುತ್ತದೆ. ಹೀಗಾಗಿ ಹಾರಾಟದ ಹೊತ್ತು ಎರಡರದೂ ಹತ್ತು ನಿಮಿಷದ ಆಚೀಚೆ ಬಂದು ನಿಲ್ಲುತ್ತದೆ.

ಬ್ಯಾಟರಿ ಯಂತ್ರ ಕೆಡುವ ರೀತಿಯೇ ಬೇರೆ. ಎಂಜಿನ್ನಿನಂತೆ ಗೊಣಗುವುದಿಲ್ಲ. ಅನೇಕ ಯಂತ್ರಗಳಲ್ಲಿ ಮೋಟರಿಗೂ ರಿಮೋಟಿನ ಆಜ್ಞೆ ಪಡೆಯುವ ರಿಸೀವರಿಗೂ ಒಂದೇ ಬ್ಯಾಟರಿ. ಅದು ಕೈಕೊಟ್ಟರೆ ಆಟೊರೊಟೇಶನ್ ಮಾಡಲು ಕಡ್ಡಿಯ ಮಾತನ್ನು ಕೇಳುವವರೂ ಇರುವುದಿಲ್ಲ. ನೈಟ್ರೋದಲ್ಲಿ ರಿಸೀವರಿನ ಬ್ಯಾಟರಿ ಬೇರೆಯೇ ಇರುತ್ತದೆ. ಲಿಥಿಯಂ ಬ್ಯಾಟರಿಯ ಒಂದೊಂದು ಸೆಲ್ಲಿನ ವೋಲ್ಟೇಜು ತುಂಬಿದಾಗ 4.2, ಎತ್ತಿಡುವಾಗ 3.8ರ ಆಸುಪಾಸು ಇರಬೇಕು. 3ಕ್ಕಿಂತ ಕೆಳಗಿಳಿದರೆ ಹಾಳು. ಗಾಳಿ ಜೋರಿದೆಯೆಂದು ಹಾರಿಸದೆ, ತುಂಬಿದ ಬ್ಯಾಟರಿಯನ್ನು ಏಪ್ರಿಲಿನಲ್ಲಿ ತಗಡಿನ ಕೋಣೆಯಲ್ಲಿ ವಾರ ಬಿಟ್ಟರೆ ಏನಾಗುತ್ತದೆಂಬುದಕ್ಕೂ ಈ ಲೇಖಕನೇ ಸಾಕ್ಷಿ: ಚಪ್ಪಟೆ ಇದ್ದದ್ದು ಕಡುಬಿನಂತೆ ಉಬ್ಬಿತ್ತು. ಉಬ್ಬಿದ್ದನ್ನು ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಇಲ್ಲಿ ಬೇಸಿಗೆಯ ಹಾರಾಟ ಬೆಳಗಿನ ಒಂಬತ್ತರೊಳಗೆ ಮುಗಿಯಬೇಕು. ಬ್ಯಾಟರಿ ಇರಬೇಕಾದದ್ದು ಮಣ್ಣಿನ ಗೋಡೆಯ ತಂಪು ಕೋಣೆಯಲ್ಲಿ, ಕಣಕಿ ಬಣವೆಯಿಂದ ದೂರ.

ಕಾಯಿದೆಯ ಮಾತು ಚಿಕ್ಕದು. 2021ರ ಡ್ರೋನ್ ನಿಯಮಗಳು ಹವ್ಯಾಸದ ಮಾದರಿಗಳನ್ನೂ ಒಳಗೊಳ್ಳುತ್ತವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು, ಹಸಿರು ವಲಯದಲ್ಲೂ ಅನುಮತಿ ಇಲ್ಲದೆ 400 ಅಡಿ ಮೀರುವಂತಿಲ್ಲ. ಎಂಜಿನ್ನೋ ಮೋಟರೋ ಎಂದು ಅಲ್ಲಿ ಭೇದವಿಲ್ಲ.

ಇಷ್ಟು ಕೇಳಿಸಿಕೊಂಡ ಊರಿನ ಹಿರಿಯರದು ಒಂದೇ ಪ್ರಶ್ನೆ: "ಇದರಾಗ ಎಣ್ಣಿ ಹೊಡೀಲಿಕ್ಕೆ ಬರತೈತೇನು?" ಎಣ್ಣಿಯೆಂದರೆ ಇಲ್ಲಿ ಬೆಳೆಗೆ ಸಿಂಪಡಿಸುವ ಔಷಧಿ. 19ನೇ ಶತಮಾನದಲ್ಲೇ 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಘನಮಠ ಶಿವಯೋಗಿಗಳ ಊರಲ್ಲಿ ಬೇರೆ ಪ್ರಶ್ನೆ ಬರುವುದೂ ಕಷ್ಟ. ಬರುತ್ತದೆ ಎಂಬುದೇ ಉತ್ತರ. ಜಪಾನಿನ ಯಮಾಹಾ ಕಂಪನಿ 1987ರಲ್ಲೇ ಭತ್ತದ ಗದ್ದೆಗಾಗಿ ಆರ್-50 ಎಂಬ ಎಂಜಿನ್ ಹೆಲಿಕಾಪ್ಟರ್ ತಂದಿತು. ಅದರ ನಂತರದ ಆರ್‌ಮ್ಯಾಕ್ಸ್‌ನದು 246 ಸಿಸಿಯ ಟು-ಸ್ಟ್ರೋಕ್. ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಸೀಮೆಯಲ್ಲಿ ಭತ್ತಕ್ಕೆ ಎಣ್ಣೆ ಹೊಡೆಯಲು ಬರುವುದು ಹೆಲಿಕಾಪ್ಟರಲ್ಲ, ಬ್ಯಾಟರಿ ಡ್ರೋನು. ಹತ್ತು ಲೀಟರ್ ಹೊತ್ತು ಎದ್ದರೆ ಒಂದು ಎಕರೆಯಷ್ಟು ಮುಗಿಸಿ ಇಳಿಯುತ್ತದೆ. ಹುಡುಗರು ಖಾಲಿ ಬ್ಯಾಟರಿ ತೆಗೆದು ತುಂಬಿದ್ದನ್ನು ಸಿಕ್ಕಿಸುತ್ತಾರೆ. ಗದ್ದೆಯ ಬದುವಿನಲ್ಲಿ ಚಾರ್ಜು ಮಾಡಲು ಕರೆಂಟು ಎಲ್ಲಿಂದ? ಡ್ರೋನು ತಂದ ಗಾಡಿಯಲ್ಲೇ ಪೆಟ್ರೋಲ್ ಜನರೇಟರ್ ಇರುತ್ತದೆ. ಡ್ರೋನಿಗಿಂತ ಮೊದಲು ಅದರ ಹಗ್ಗ ಎಳೆಯುತ್ತಾರೆ.