ಗರ್ಭಕೋಶದ ಕೊರಳಲ್ಲಿ ಬಿಳಿ ಮಚ್ಚೆ: ಹೆದರಿ ಆಪರೇಷನ್‌ಗೆ ಓಡಬೇಡಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೋಗುವ ತಾಯಿಯೊಬ್ಬರು ಅಳುತ್ತಲೇ ಒಳಗೆ ಬಂದರು. ಶಿಬಿರದ ತಪಾಸಣೆಯಲ್ಲಿ ಗರ್ಭಕೋಶದ ಕೊರಳ ಮೇಲೆ ಬಿಳಿ ಮಚ್ಚೆ ಕಂಡಿತ್ತು. ‘ಕ್ಯಾನ್ಸರ್ ಅಂತೆ ಡಾಕ್ಟ್ರೇ, ಗರ್ಭಕೋಶ ತೆಗೆಸಿಬಿಡು ಅಂತಾರೆ ನಮ್ಮತ್ತೆ’ ಎಂದರು. ಅದು ಕ್ಯಾನ್ಸರ್ ಆಗಿರಲಿಲ್ಲ.

ಎಚ್‌ಪಿವಿ ಎಂಬ ವೈರಾಣು ಲೈಂಗಿಕ ಸಂಪರ್ಕದಿಂದ ಬರುತ್ತದೆ. ಬಹುಪಾಲು ಮಹಿಳೆಯರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. (ಆದ್ದರಿಂದ ಗಂಡ ಹೆಂಡತಿ ಪರಸ್ಪರ ಸಂಶಯಪಡುವುದು ಬೇಡ.) ಹೋಗದೆ ಉಳಿದರೆ ಕೆಲವರಲ್ಲಿ ಕೊರಳಿನ ಮೇಲ್ಪದರದ ಜೀವಕೋಶಗಳು ಕೆಡತೊಡಗುತ್ತವೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವಾರು ವರ್ಷಗಳೇ ಬೇಕು. ಈ ಅವಧಿಯಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ. ಪರೀಕ್ಷೆ ಮಾಡಿಸಿದರಷ್ಟೇ ತಿಳಿಯುತ್ತದೆ.

ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ಶೇ 3ರಿಂದ 5ರ ಪ್ರಮಾಣದಲ್ಲಿ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗಾಗುತ್ತದೆ. ಸೋಂಕಿನಿಂದಲೂ ಹಾಗಾಗಬಹುದು, ಬಿಳುಪಾದದ್ದೆಲ್ಲ ಅಪಾಯವಲ್ಲ.

ಕೆಟ್ಟ ಪದರವನ್ನು ಅಲ್ಲಿಯೇ ನಾಶಮಾಡಲು ಎರಡು ದಾರಿಗಳಿವೆ. ಶೀತ ಚಿಕಿತ್ಸೆಯಲ್ಲಿ ಅನಿಲದಿಂದ ತಣ್ಣಗಾದ ಲೋಹದ ತುದಿಯನ್ನು 3 ನಿಮಿಷ ಒತ್ತಿ, 5 ನಿಮಿಷ ಬಿಟ್ಟು, ಮತ್ತೆ 3 ನಿಮಿಷ ಒತ್ತುತ್ತಾರೆ. ಶಾಖ ಚಿಕಿತ್ಸೆಯಲ್ಲಿ ಸುಮಾರು 100 ಡಿಗ್ರಿಗೆ ಕಾಯಿಸಿದ ತುದಿಯನ್ನು 20–30 ಸೆಕೆಂಡು ಇಟ್ಟರೆ ಸಾಕು, ಬೇಕಾದರೆ ಇನ್ನೊಮ್ಮೆ. ಮುಟ್ಟಿನ ಹೊಟ್ಟೆನೋವಿನಂಥ ಸೆಳೆತವಿರಬಹುದು. ಅದೇ ದಿನ ಮನೆಗೆ ನಡೆದುಹೋಗಬಹುದು. ಗರ್ಭಕೋಶ ಹಾಗೆಯೇ ಉಳಿಯುತ್ತದೆ.

ಆದರೆ ಸುಟ್ಟ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಲಾಗದು. ಅದಕ್ಕೇ ಮಚ್ಚೆ ಪೂರ್ತಿ ಕಣ್ಣಿಗೆ ಕಾಣುತ್ತಿರಬೇಕು, ಕೊರಳಿನ ಒಳದಾರಿಗೆ ಹೋಗಿರಬಾರದು, ಕ್ಯಾನ್ಸರಿನ ಶಂಕೆ ಇರಬಾರದು. ಇಲ್ಲವಾದರೆ ಬಯಾಪ್ಸಿ ಬೇಕು, ಕೆಲವರಿಗೆ ತಂತಿಯ ಕುಣಿಕೆಯಿಂದ ಆ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಬಸುರಿಯರಿಗೆ ಹೆರಿಗೆಯ ನಂತರವೇ ಈ ಚಿಕಿತ್ಸೆ.

ಇದೇನು ಹೊಸ ಪ್ರಯೋಗವಲ್ಲ. ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಾದ ನರ್ಸ್‌ಗಳೇ ಆಮ್ಲ ಪರೀಕ್ಷೆ ಮಾಡಿ ಶೀತ ಚಿಕಿತ್ಸೆಯನ್ನೂ ಕೊಟ್ಟರು. ಪರೀಕ್ಷೆಗೆ ಒಳಪಡದ ಊರುಗಳಿಗಿಂತ ಅಲ್ಲಿ ಈ ಕ್ಯಾನ್ಸರಿನ ಸಾವು ಶೇ 35ರಷ್ಟು ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು.

ಚಿಕಿತ್ಸೆಯ ನಂತರ ಕೆಲವು ವಾರ ನೀರಿನಂತೆ ಬಿಳುಪು ಹೋಗುವುದು ಸಹಜ. ನಾಲ್ಕು ವಾರ ಗಂಡನಿಂದ ದೂರವಿರಿ. ಜ್ವರ, ದುರ್ವಾಸನೆ, ಹೆಚ್ಚು ರಕ್ತಸ್ರಾವ ಕಂಡರೆ ತಕ್ಷಣ ಬನ್ನಿ.

30 ದಾಟಿದವರು ತೊಂದರೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ. ಚಿಂತಾಮಣಿ, ಗೌರಿಬಿದನೂರಿನವರು ತಾಲ್ಲೂಕು ಆಸ್ಪತ್ರೆಯಲ್ಲಿ, ಉಳಿದವರು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶಂಕೆ ಬಲವಾಗಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಆ ತಾಯಿಗೆ ಶಾಖ ಚಿಕಿತ್ಸೆಯಾಯಿತು. ವರ್ಷದ ಮೇಲೆ ಮರುಪರೀಕ್ಷೆಗೆ ಬರಲು ಚೀಟಿ ಬರೆದುಕೊಟ್ಟಿದ್ದೇನೆ. ಜೊತೆಗೆ ಅತ್ತೆಯನ್ನೂ ಕರೆತರಲು ಹೇಳಿದ್ದೇನೆ.